ಬಾಲಿಯಲ್ಲಿ ಮಂಗ ಪರಚಿದರೆ: ಮೊದಲ ಹದಿನೈದು ನಿಮಿಷ, ಮೊದಲ ಏಳು ದಿನ

ಬಾಲಿ ದ್ವೀಪದ ದಕ್ಷಿಣ ತುದಿಯಲ್ಲಿ, ಸಮುದ್ರದಿಂದ ಸುಮಾರು 70 ಮೀಟರ್ ಎತ್ತರದ ಕಡಿದಾದ ಬಂಡೆಯ ಮೇಲೆ ಉಲುವಾಟು ದೇವಸ್ಥಾನವಿದೆ. ಅಲ್ಲಿನ ಉದ್ದಬಾಲದ ಮಂಗಗಳು ಪ್ರವಾಸಿಗರ ಕನ್ನಡಕ, ಮೊಬೈಲು, ಟೋಪಿ ಕಿತ್ತುಕೊಂಡು ಓಡುತ್ತವೆ. ತಿನ್ನಲು ಏನಾದರೂ ಕೊಟ್ಟರೆ ವಾಪಸು ಬಿಡುತ್ತವೆ. ಕೆನಡಾ ಮತ್ತು ಇಂಡೋನೇಷ್ಯಾದ ಸಂಶೋಧಕರು ಇದನ್ನೇ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ್ದಾರೆ. ಯಾವ ವಸ್ತುವಿಗೆ ಮನುಷ್ಯರು ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ಬೆಳೆದ ಮಂಗಗಳಿಗೆ ಗೊತ್ತಿರುತ್ತದೆ, ಅವು ಅದನ್ನೇ ಆರಿಸಿ ಕದಿಯುತ್ತವೆ ಎನ್ನುತ್ತದೆ ಆ ಅಧ್ಯಯನ. ವೈದ್ಯನಾಗಿ ನನ್ನ ಗಮನವಿರುವುದು ಆ ಕಸಿದುಕೊಳ್ಳುವ ಒಂದು ಕ್ಷಣದ ಮೇಲೆ. ಆಗ ಮಂಗದ ಉಗುರು ಅಥವಾ ಹಲ್ಲು ನಮ್ಮ ಚರ್ಮಕ್ಕೆ ತಾಗುತ್ತದೆ, ರೇಬೀಸ್‌ನ ಪ್ರಶ್ನೆ ಏಳುವುದು ಅಲ್ಲಿಂದಲೇ.

ಬೆಂಗಳೂರಿನಿಂದ ಬಾಲಿಗೆ 2024ರಲ್ಲಿ ನೇರ ವಿಮಾನ ಶುರುವಾಯಿತು. ಗೆಳೆಯರ ಗುಂಪು ಕಟ್ಟಿಕೊಂಡು ಅಲ್ಲಿಗೆ ಹೋಗಿಬಂದವರು ಈಗ ನನ್ನ ಕ್ಲಿನಿಕ್ಕಿಗೂ ಬರುತ್ತಾರೆ. ಅಂಥ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಹೇಳುತ್ತೇನೆ.

ಕಾಲೇಜಿನ ದಿನಗಳಿಂದ ಜೊತೆಗಿರುವ ನಾಲ್ವರು ಗೆಳತಿಯರು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ತಾವು ನಾಲ್ವರೇ ಹೊರಟಿದ್ದರು. ಉಲುವಾಟುವಿನಲ್ಲಿ ಗೋಡೆಯ ಮೇಲಿದ್ದ ಮಂಗವೊಂದು ಒಬ್ಬರ ಹೆಗಲಿಗೆ ಹಾರಿ ಕನ್ನಡಕ ಎಳೆಯಿತು. ಅವರು ಕೈ ಅಡ್ಡ ತಂದರು. ಮೊಣಕೈ ಕೆಳಗೆ ಉದ್ದಕ್ಕೆ ಒಂದು ಗೀರು, ಎರಡು ಮೂರು ಹನಿ ರಕ್ತ. ದೇವಸ್ಥಾನದ ಸಿಬ್ಬಂದಿ ಹಣ್ಣು ಕೊಟ್ಟು ಕನ್ನಡಕ ಬಿಡಿಸಿಕೊಟ್ಟರು. ಕನ್ನಡಕ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಗೀರಿನ ಮೇಲೆ ಸ್ಯಾನಿಟೈಸರ್ ಹಚ್ಚಿ, ಬ್ಯಾಂಡೇಜ್ ಅಂಟಿಸಿ, ಸೂರ್ಯಾಸ್ತದ ಹೊತ್ತಿನ ಕೆಚಕ್ ನೃತ್ಯಕ್ಕೆ ಹೋದರು. ಮರುದಿನ ದೋಣಿ ಹತ್ತಿ ನುಸಾ ಪೆನಿಡಾ ದ್ವೀಪ ನೋಡಿದರು. ಮೂರನೇ ದಿನ ಸಂಜೆ ಅವರಲ್ಲೊಬ್ಬರು, "ಅಲ್ವೇ, ನಿಂಗೆ ಇಂಜೆಕ್ಷನ್ ಬೇಡ್ವಾ?" ಎಂದು ಕೇಳಿದರಂತೆ. ಹೋಟೆಲಿನವರು ತೋರಿಸಿದ ಕ್ಲಿನಿಕ್‌ನಲ್ಲಿ ಎರಡೂ ತೋಳಿಗೆ ಒಂದೊಂದು ಇಂಜೆಕ್ಷನ್ ಕೊಟ್ಟು, ಇನ್ನೊಂದು ಔಷಧ ಬೇಕು, ನಮ್ಮಲ್ಲಿ ಇಲ್ಲ ಎಂದು ಕಳಿಸಿದರು. ಊರಿಗೆ ಬಂದ ಮೇಲೆ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ, ಇದು ನಮ್ಮ ಕ್ರಮ ಅಲ್ಲ, ಮೊದಲಿನಿಂದ ಶುರು ಮಾಡಿ ಎಂದರು. ಇಂಡೋನೇಷ್ಯಾದ ಭಾಷೆಯಲ್ಲಿದ್ದ ಆ ಕಾರ್ಡ್ ಹಿಡಿದುಕೊಂಡು ಅವರು ನನ್ನ ಎದುರು ಕೂತಾಗ ಗೀರು ಒಣಗಿ ಹೊಪ್ಪಳೆ ಉದುರುವುದರಲ್ಲಿತ್ತು. "ಏನಿಲ್ಲ ಡಾಕ್ಟ್ರೇ, ವಾಸಿನೇ ಆಗೋಗಿದೆ. ಇವ್ಳ ಕಾಟಕ್ಕೆ ಬಂದೆ" ಎಂದು ಪಕ್ಕದಲ್ಲಿದ್ದ ಗೆಳತಿಯನ್ನು ತೋರಿಸಿದರು.

ಗಾಯ ವಾಸಿಯಾಗುವುದಕ್ಕೂ ರೇಬೀಸ್‌ಗೂ ಸಂಬಂಧವಿಲ್ಲ ಎಂಬುದನ್ನು ನಾನು ದಿನವೂ ಹೇಳಬೇಕಾಗುತ್ತದೆ. ವೈರಸ್ ಜೊಲ್ಲಿನ ಮೂಲಕ ಗಾಯಕ್ಕೆ ಬೀಳುತ್ತದೆ, ಅಲ್ಲಿಂದ ನರದೊಳಗೆ ಸೇರಿ ನಿಧಾನವಾಗಿ ಮಿದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ವಾರದಲ್ಲಿ ಕಾಣಿಸಿಕೊಂಡದ್ದೂ ಇದೆ, ವರ್ಷ ತೆಗೆದುಕೊಂಡದ್ದೂ ಇದೆ. ಅಷ್ಟು ದಿನ ಮೇಲೆ ಚರ್ಮ ಮುಚ್ಚಿ, ಗುರುತು ಮಾಸಿ, ಮನುಷ್ಯ ಸಂಪೂರ್ಣ ಆರೋಗ್ಯವಾಗಿರುತ್ತಾನೆ. ರೋಗಲಕ್ಷಣ ಶುರುವಾದ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ನಾವು ಮಾಡುವ ಕೆಲಸವೆಲ್ಲ ವೈರಸ್ ನರದೊಳಗೆ ಹೊಕ್ಕುವ ಮುಂಚೆಯೇ ಮುಗಿಯಬೇಕು.

ಹಾಗಾದರೆ ಮಂಗ ಪರಚಿದವರಿಗೆಲ್ಲ ರೇಬೀಸ್ ಬರುತ್ತದೆಯೇ? ಖಂಡಿತ ಇಲ್ಲ, ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇ. 99ರವರೆಗೂ ನಾಯಿಗಳಿಂದಲೇ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾಲಿಯಲ್ಲಿ 2008ರವರೆಗೆ ರೇಬೀಸ್ ಇರಲೇ ಇಲ್ಲ. ಆ ವರ್ಷದ ಕೊನೆಗೆ ಕಾಣಿಸಿಕೊಂಡದ್ದು ಉಲುವಾಟು ಇರುವ ಅದೇ ದಕ್ಷಿಣದ ಪರ್ಯಾಯ ದ್ವೀಪದಲ್ಲಿ. ಅಲ್ಲಿಂದ ಇಡೀ ದ್ವೀಪಕ್ಕೆ ಹರಡಿತು. ಹರಡಿದ್ದು ನಾಯಿಗಳು. ಮಂಗಗಳಿಂದ ಬರುವ ಅಪಾಯ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ನಾಯಿಗಳಲ್ಲಿ ರೇಬೀಸ್ ಇರುವ ಊರಿನಲ್ಲಿ ಬೀದಿನಾಯಿಯ ಕಡಿತ ಮಂಗಕ್ಕೂ ತಗಲಬಹುದು, ಯಾವ ಮಂಗಕ್ಕೆ ತಗಲಿದೆ ಎಂದು ನೋಡಿ ಹೇಳುವಂತಿಲ್ಲ. ನಾಯಿ ಅಥವಾ ಬೆಕ್ಕು ಕಚ್ಚಿದರೆ ಅದನ್ನು ಹತ್ತು ದಿನ ಗಮನಿಸಿ, ಆರೋಗ್ಯವಾಗಿದ್ದರೆ ಲಸಿಕೆ ನಿಲ್ಲಿಸಬಹುದು. ಮಂಗಕ್ಕೆ ಈ ಹತ್ತು ದಿನದ ನಿಯಮ ಹೊಂದುವುದಿಲ್ಲ. ಅಪಾಯ ಕಡಿಮೆ, ತಪ್ಪಿದರೆ ಪ್ರಾಣವೇ ಹೋಗುತ್ತದೆ, ಲಸಿಕೆಯಿಂದ ತೊಂದರೆ ಅತ್ಯಲ್ಪ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ಲಸಿಕೆ ಹಾಕಿಸಿಕೊಳ್ಳಿ ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ನಮ್ಮವರಿಗೆ ಮಂಗದ ಭಯ ಕಡಿಮೆ. ಚಾಮುಂಡಿ ಬೆಟ್ಟ, ನಂದಿ ಬೆಟ್ಟ, ಅಂಜನಾದ್ರಿ ಎಲ್ಲಿ ಹೋದರೂ ಬಾಳೆಹಣ್ಣು ಕೊಟ್ಟು ಅಭ್ಯಾಸ. ಬಾಲಿಯಲ್ಲೂ ರಾಮಾಯಣದ ಕಥೆಯನ್ನೇ ಕುಣಿಯುತ್ತಾರೆ, ಹನುಮಂತ ಬರುತ್ತಾನೆ. ಮನೆಗೆ ಬಂದ ಹಾಗೆಯೇ ಅನಿಸುತ್ತದೆ. ಆ ಸಲುಗೆಯಲ್ಲಿ ಹತ್ತಿರ ನಿಂತು ಸೆಲ್ಫಿ ತೆಗೆಯುವಾಗಲೇ ಇಂಥದು ನಡೆಯುತ್ತದೆ.

ಪರಚಿದ ಕೂಡಲೇ ಮಾಡಬೇಕಾದ್ದು ತೀರ ಸರಳವಾದದ್ದು, ಎಲ್ಲರೂ ಬಿಡುವುದೂ ಅದನ್ನೇ. ನಲ್ಲಿ ಬಿಟ್ಟುಕೊಂಡು, ಸೋಪು ಹಚ್ಚಿ, ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿ ಹದಿನೈದು ನಿಮಿಷ. ರೇಬೀಸ್ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪಿಗೆ ಅದು ಕರಗುತ್ತದೆ, ಕವಚ ಹೋದ ವೈರಸ್ ಕೆಲಸಕ್ಕೆ ಬಾರದು. ನೀರಿನ ಹರಿವು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ಅದಾದ ಮೇಲೆ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ಇದ್ದರೆ ಹಚ್ಚಿ. ಸ್ಯಾನಿಟೈಸರ್‌ನ ಎರಡು ಹನಿ ಈ ತೊಳೆಯುವಿಕೆಗೆ ಬದಲಿಯಾಗಲಾರದು. ಬಿಗಿಯಾಗಿ ಕಟ್ಟುವುದು, ಹೊಲಿಗೆ ಹಾಕಿಸುವುದು ಬೇಡ. ಸುಣ್ಣ, ಅರಿಶಿನ, ಕಾಫಿಪುಡಿ, ಮೆಣಸಿನಪುಡಿ ಮೆತ್ತಿಕೊಂಡು ಬಂದವರನ್ನು ಇವತ್ತಿಗೂ ನೋಡುತ್ತೇನೆ. ಅವು ಗಾಯವನ್ನು ಕೆರಳಿಸುತ್ತವೆ, ನಾವು ಮತ್ತೆ ಅದನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ. ಉಲುವಾಟುವಿನಲ್ಲಿ ಆ ಹದಿನೈದು ನಿಮಿಷ ಸಿಕ್ಕಿದ್ದರೆ ಅರ್ಧ ಕೆಲಸ ಅಲ್ಲೇ ಆಗಿಬಿಡುತ್ತಿತ್ತು.

ಮುಂದಿನ ತೀರ್ಮಾನ ಗಾಯದ ಬಗೆಯ ಮೇಲೆ. ಪ್ರಾಣಿಯನ್ನು ಮುಟ್ಟಿದ್ದು, ತಿನ್ನಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೇ ವರ್ಗ, ತೊಳೆದುಕೊಂಡರೆ ಸಾಕು. ರಕ್ತ ಬಾರದ ತರಚು ಎರಡನೇ ವರ್ಗ, ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದರೆ, ಹಳೆಯ ಗಾಯವನ್ನು ಪ್ರಾಣಿ ನೆಕ್ಕಿದರೆ, ಜೊಲ್ಲು ಕಣ್ಣಿಗೋ ಬಾಯಿಗೋ ಬಿದ್ದರೆ ಮೂರನೇ ವರ್ಗ. ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ನಮ್ಮ ಗೆಳತಿಯದು ಎರಡು ಮೂರು ಹನಿಯೇ ಆದರೂ ರಕ್ತ ಬಂದಿತ್ತು. ಹಾಗಾಗಿ ಮೂರನೇ ವರ್ಗ.

ಬಾಲಿಯ ಕ್ಲಿನಿಕ್‌ನಲ್ಲಿ ಇಲ್ಲ ಎಂದದ್ದು ಈ ಇಮ್ಯುನೋಗ್ಲಾಬ್ಯುಲಿನ್. ಜನರಿಗೆ ಇದೇ ಹೆಚ್ಚು ಗೊಂದಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಸಿಕೆ ಹಾಕಿದ ಕೂಡಲೇ ರಕ್ಷಣೆ ಸಿಗುವುದಿಲ್ಲ. ನಮ್ಮ ದೇಹ ಅದನ್ನು ಗುರುತಿಸಿ ವೈರಸ್ಸನ್ನು ಎದುರಿಸುವ ಪ್ರತಿಕಾಯ ತಯಾರಿಸಲು ವಾರ, ಹತ್ತು ದಿನ ಬೇಕು. ಅಷ್ಟರೊಳಗೆ ಗಾಯದಲ್ಲಿರುವ ವೈರಸ್ ಸುಮ್ಮನಿರಬೇಕಲ್ಲ! ಅದಕ್ಕೇ ಬೇರೆಡೆ ತಯಾರಾದ ಪ್ರತಿಕಾಯವನ್ನು ತಂದು ನೇರವಾಗಿ ಗಾಯದ ಸುತ್ತ, ಗಾಯದ ಒಳಗೆ ಚುಚ್ಚುತ್ತೇವೆ. ನಮ್ಮ ಗದ್ದೆಯ ಭತ್ತ ಮನೆಗೆ ಬರುವತನಕ ಪಕ್ಕದ ಮನೆಯಿಂದ ಅಕ್ಕಿ ಕಡ ತಂದ ಹಾಗೆ. ಮನುಷ್ಯರ ರಕ್ತದಿಂದ ತಯಾರಿಸಿದ್ದಾದರೆ ದೇಹತೂಕದ ಪ್ರತಿ ಕಿಲೋಗೆ 20 ಯೂನಿಟ್, ಕುದುರೆಯಿಂದ ತಯಾರಿಸಿದ್ದಾದರೆ 40 ಯೂನಿಟ್ ಗರಿಷ್ಠ ಮಿತಿ. ಇವೆರಡರ ಬದಲು ಕೊಡಬಹುದಾದ, ಪ್ರಯೋಗಾಲಯದಲ್ಲಿ ರೂಪಿಸಿದ ಪ್ರತಿಕಾಯ (ಮಾನೋಕ್ಲೋನಲ್ ಆಂಟಿಬಾಡಿ) 2017ರಿಂದ ಭಾರತದಲ್ಲೇ ತಯಾರಾಗುತ್ತಿದೆ.

ಇದನ್ನು ಲಸಿಕೆಯ ಮೊದಲ ಡೋಸಿನ ದಿನವೇ ಕೊಡುವುದು ಉತ್ತಮ. ಅಂದು ಸಿಗದಿದ್ದರೆ ಮೊದಲ ಡೋಸ್ ಹಾಕಿಸಿಕೊಂಡ ಏಳು ದಿನದೊಳಗೆ ಕೊಡಬಹುದು. ಏಳು ದಿನ ಕಳೆದ ಮೇಲೆ ಕೊಡುವುದಿಲ್ಲ. ಅಷ್ಟರಲ್ಲಿ ನಮ್ಮದೇ ಪ್ರತಿಕಾಯ ಏಳಲು ಶುರುವಾಗಿರುತ್ತದೆ. ಎಣಿಕೆ ಶುರುವಾಗುವುದು ಪರಚಿದ ದಿನದಿಂದ ಅಲ್ಲ, ಮೊದಲ ಲಸಿಕೆಯ ದಿನದಿಂದ ಎಂಬುದು ನೆನಪಿರಲಿ. ನಮ್ಮ ಗೆಳತಿ ಬಂದಾಗ ಮೊದಲ ಲಸಿಕೆಯಾಗಿ ಮೂರು ದಿನವಷ್ಟೇ ಆಗಿತ್ತು. ಅದೇ ಮಧ್ಯಾಹ್ನ ಇಮ್ಯುನೋಗ್ಲಾಬ್ಯುಲಿನ್ ಕೊಟ್ಟೆವು. ಒಣಗಿದ ಗೀರಿನ ಉದ್ದಕ್ಕೂ ಚುಚ್ಚುವುದು ನೋವಿನ ಕೆಲಸ; ಅವರು ಗೆಳತಿಯ ಕೈ ಹಿಡಿದುಕೊಂಡು ತಡೆದುಕೊಂಡರು. ಲಸಿಕೆಯನ್ನೇ ಹಾಕಿಸಿಕೊಳ್ಳದೆ ವಾರಗಳು ಕಳೆದವರೂ ಬರುತ್ತಾರೆ. ಅವರಿಗೆ ಬಂದ ದಿನವೇ ಎರಡನ್ನೂ ಶುರು ಮಾಡುತ್ತೇವೆ. ತಡವಾಯಿತು, ಇನ್ನೇನು ಪ್ರಯೋಜನ ಎಂದು ಮನೆಯಲ್ಲಿ ಕೂರುವಂತಿಲ್ಲ.

ಇನ್ನು ಆ ಎರಡು ತೋಳಿನ ಎರಡು ಇಂಜೆಕ್ಷನ್. ಅದು ತಪ್ಪು ಕ್ರಮವಲ್ಲ. ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನ ಹೆಸರಿನಲ್ಲಿರುವ ಕ್ರಮ, ಇಂಡೋನೇಷ್ಯಾದಲ್ಲಿ ಅದೇ ಬಳಕೆ: ಮೊದಲ ದಿನ ಎರಡು, ಏಳನೇ ದಿನ ಒಂದು, ಇಪ್ಪತ್ತೊಂದನೇ ದಿನ ಒಂದು. ನಮ್ಮಲ್ಲಿ ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ ಐದು ಡೋಸ್ (0 ಎಂದರೆ ಮೊದಲ ಡೋಸಿನ ದಿನ). ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ ಎರಡೂ ತೋಳಿಗೆ ಸಣ್ಣ ಪ್ರಮಾಣ. ಎಲ್ಲವೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದವೇ. ಒಂದು ದೇಶದಲ್ಲಿ ಶುರುವಾದದ್ದನ್ನು ಇನ್ನೊಂದು ದೇಶದಲ್ಲಿ ಮುಂದುವರಿಸಬಹುದು, ಕಂಪನಿ ಬೇರೆಯಾದರೂ ನಡೆಯುತ್ತದೆ. ಒಂದೆರಡು ದಿನ ತಪ್ಪಿದರೂ ನಿಂತಲ್ಲಿಂದ ಮುಂದುವರಿಸಬೇಕೇ ಹೊರತು ಮೊದಲಿನಿಂದ ಶುರು ಮಾಡಬೇಕಿಲ್ಲ. ಅವರಿಗೆ ಬಾಕಿ ಎರಡು ಡೋಸ್‌ಗಳ ತಾರೀಕನ್ನು ಅದೇ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ವಿದೇಶದಲ್ಲಿ ಲಸಿಕೆ ಹಾಕಿಸಿಕೊಂಡಾಗ ತಾರೀಕು, ಎಷ್ಟು ಡೋಸ್, ಸ್ನಾಯುವಿಗೋ ಚರ್ಮಕ್ಕೋ ಎಂಬ ವಿವರ ಬರೆಸಿಕೊಳ್ಳಿ, ಸೀಸೆಯ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಪ್ರಯಾಣ ವಿಮೆ ಇದ್ದರೆ ಅವರ ಸಹಾಯವಾಣಿಗೆ ಅಂದೇ ಫೋನ್ ಮಾಡಿ, ಬಿಲ್ಲು ಜೋಪಾನ ಮಾಡಿ. ಬಾಲಿಯಲ್ಲಿ ಪುಸ್ಕೆಸ್‌ಮಾಸ್ ಎಂಬ ಸರ್ಕಾರಿ ಆರೋಗ್ಯ ಕೇಂದ್ರಗಳಿವೆ, ಅಲ್ಲಿ ಲಸಿಕೆ ವಿಚಾರಿಸಬಹುದು. ಇಮ್ಯುನೋಗ್ಲಾಬ್ಯುಲಿನ್ ಮಾತ್ರ ಎಲ್ಲ ಕಡೆ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಬೇಕು.

ಐವತ್ತು ದಾಟಿದವರು ಈಗಲೂ ಹೊಟ್ಟೆಯ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೆದರುತ್ತಾರೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೆ ಭಾರತದಲ್ಲಿ ನಿಂತುಹೋಯಿತು. ಈಗಿನದು ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ. ಪಥ್ಯ ಏನೂ ಇಲ್ಲ. ಗರ್ಭಿಣಿಯರಿಗೂ ಕೊಡಬಹುದು, ಕೊಡಲೇಬೇಕು. ಧನುರ್ವಾಯು ಲಸಿಕೆ ಬಾಕಿಯಿದ್ದರೆ ಅದನ್ನೂ ಅಂದೇ ಹಾಕುತ್ತೇವೆ. ಈ ಜಾತಿಯ ಮಂಗಗಳ ಜೊಲ್ಲಿನಲ್ಲಿ ಹರ್ಪಿಸ್ ಬಿ ಎಂಬ ಇನ್ನೊಂದು ವೈರಸ್ ಇರಬಹುದು. ಮನುಷ್ಯರಿಗೆ ಅದು ತಗಲಿದ ಉದಾಹರಣೆ ಬಹಳ ವಿರಳ, ಆದರೆ ತಗಲಿದರೆ ತೀವ್ರ. ಗಾಯದ ಬಳಿ ನೀರುಗುಳ್ಳೆ, ಜ್ವರ, ಜೋಮು ಕಂಡರೆ ಕೂಡಲೇ ಬನ್ನಿ, ಮಂಗ ಪರಚಿತ್ತು ಎಂದು ಮೊದಲೇ ಹೇಳಿ.

ವೈದ್ಯಪುಸ್ತಕದಲ್ಲಿಲ್ಲದ ಒಂದು ವಿಷಯವನ್ನು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಗುಂಪಿನಲ್ಲಿ ಹೋದಾಗ ಗಾಯವಾದವರು ತಾವಾಗಿ ಆಸ್ಪತ್ರೆಗೆ ಹೋಗೋಣ ಎನ್ನುವುದಿಲ್ಲ. ವರ್ಷಗಟ್ಟಲೆ ಯೋಜನೆ ಹಾಕಿ ಬಂದ ಪ್ರವಾಸ, ದೋಣಿಗೆ ಮುಂಗಡ ಕಟ್ಟಿದೆ, ನನ್ನೊಬ್ಬಳಿಂದ ಮೂವರ ದಿನ ಹಾಳಾಗಬಾರದು ಎಂಬ ಸಂಕೋಚ. ಮನೆಯವರಿಗೆ ಹೇಳಬೇಡಿ, ಮುಂದಿನ ಸಲ ಕಳಿಸುವುದಿಲ್ಲ ಎಂಬ ಆತಂಕ ಬೇರೆ. ಉಳಿದವರೂ ಅವಳೇ ಏನೂ ಇಲ್ಲ ಅಂತಾಳಲ್ಲ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ಪ್ರವಾಸಕ್ಕೆ ಮುಂಚೆಯೇ ಮಾತಾಡಿಕೊಳ್ಳಿ ಎನ್ನುತ್ತೇನೆ: ಪ್ರಾಣಿ ಕಚ್ಚಿದರೆ, ಪರಚಿದರೆ ತೀರ್ಮಾನ ಗಾಯವಾದವರದಲ್ಲ, ಜೊತೆಗಿದ್ದವರದು. ಒಬ್ಬರು ನಲ್ಲಿಯ ಹತ್ತಿರ ನಿಂತು ಹದಿನೈದು ನಿಮಿಷ ತೊಳೆಸಲಿ, ಇನ್ನೊಬ್ಬರು ಆಸ್ಪತ್ರೆಗೆ ಫೋನ್ ಮಾಡಲಿ. ಮೊದಲ ಡೋಸಿಗೆ ಬೇಕಾಗುವುದು ಅರ್ಧ ದಿನ. ನುಸಾ ಪೆನಿಡಾಕ್ಕೆ ಮರುದಿನ ಹೋಗಬಹುದು. ಮೂರನೇ ದಿನ ಇಂಜೆಕ್ಷನ್ ಬೇಡ್ವಾ ಎಂದು ಕೇಳಿದ ಆ ಗೆಳತಿಯ ಬಗ್ಗೆ ನನಗೆ ತುಂಬ ಗೌರವವಿದೆ. ಊರಿಗೆ ಬಂದ ಮೇಲೂ ಬಿಡದೆ ಕರೆತಂದವರು ಅವರೇ.

ಹೊರಡುವ ಮುಂಚೆಯೇ ಲಸಿಕೆ ಹಾಕಿಸಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ವಾರದ ಮಟ್ಟಿಗೆ ಹೋಗಿ ಬರುವ ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ತಿಂಗಳುಗಟ್ಟಲೆ ಉಳಿಯುವವರು, ಬೈಕಿನಲ್ಲಿ ಒಳನಾಡು ಸುತ್ತುವವರು, ಪ್ರಾಣಿ ಕಂಡರೆ ಓಡಿಹೋಗಿ ಮುಟ್ಟುವ ಮಕ್ಕಳಿರುವವರು ಹಾಕಿಸಿಕೊಂಡರೆ ಒಳ್ಳೆಯದು. ವಾರದ ಅಂತರದಲ್ಲಿ ಎರಡು ಭೇಟಿ ಸಾಕು. ಹಾಗೆ ಮೊದಲೇ ಪಡೆದವರಿಗೆ, ಅಥವಾ ಒಮ್ಮೆ ಪೂರ್ತಿ ಚಿಕಿತ್ಸೆಯಾದವರಿಗೆ, ಮತ್ತೆ ಯಾವಾಗಲಾದರೂ ಪ್ರಾಣಿ ಕಚ್ಚಿದರೆ 0 ಮತ್ತು 3ನೇ ದಿನ ಒಂದೊಂದು ಡೋಸ್ ಅಷ್ಟೇ, ಇಮ್ಯುನೋಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಗಾಯವಾದ ಮೇಲೆ ಲಸಿಕೆ ಶುರು ಮಾಡಿದವರಿಗೆ ಆ ಲಾಭ ಸಿಗಬೇಕಾದರೆ ಕೊನೆಯ ಡೋಸ್ ತಪ್ಪಿಸಬಾರದು. ಮೂರು ವಾರ ಕಳೆಯುವ ಹೊತ್ತಿಗೆ ಪ್ರವಾಸ ಮರೆತು, ಕೆಲಸದಲ್ಲಿ ಮುಳುಗಿ, ಬಹಳ ಜನ ಅದನ್ನೇ ಬಿಟ್ಟುಬಿಡುತ್ತಾರೆ. ತಾರೀಕನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ, ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಡಿ.