ಪದ ಪರಿಚಯ: ಸಿಎಂಎಸ್, ಅಥವಾ ಕಡತವಿಲ್ಲದ ಪುಟಗಳು

ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಉದ್ದ ಹೆಸರಿನ ಮೊಟಕು ರೂಪವೇ ಸಿಎಂಎಸ್. ಕನ್ನಡದಲ್ಲಿ 'ವಿಷಯ ನಿರ್ವಹಣಾ ವ್ಯವಸ್ಥೆ' ಎಂದು ಬರೆಯುವುದುಂಟು, ಆದರೆ ಆಡುವಾಗ ಎಲ್ಲರ ಬಾಯಲ್ಲೂ ಸಿಎಂಎಸ್ಸೇ. 'ವಿಷಯ' ಎಂಬ ಪದ ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ಕಂಟೆಂಟ್ ಎಂದರೆ ಜಾಲತಾಣದ ಸರಕು: ಬರಹ, ಶೀರ್ಷಿಕೆ, ಚಿತ್ರ, ದಿನಾಂಕ, ಬರೆದವರ ಹೆಸರು. ಬಣ್ಣ, ಅಕ್ಷರದ ಗಾತ್ರ, ಮೆನುವಿನ ಜಾಗ ಇವೆಲ್ಲ ಆ ಸರಕಿಗೆ ತೊಡಿಸುವ ಉಡುಪು. ಸರಕನ್ನೂ ಉಡುಪನ್ನೂ ಬೇರೆ ಬೇರೆ ಇಟ್ಟುಕೊಂಡು, ಓದುಗ ಕೇಳಿದಾಗ ಎರಡನ್ನೂ ಕೂಡಿಸಿ ತೋರಿಸುವ ತಂತ್ರಾಂಶಕ್ಕೆ ಈ ಹೆಸರು.

ಜಾಲಪುಟ ಬರೆಯುವ ಸಂಕೇತ ಭಾಷೆಯಾದ ಎಚ್‌ಟಿಎಂಎಲ್ ಅನ್ನು ಕೈಯಾರೆ ಬರೆದು ಮಾಡಿದ ತಾಣದಲ್ಲಿ ಪ್ರತಿ ಪುಟಕ್ಕೂ ಒಂದು ಕಡತ ಇರುತ್ತದೆ. ಐವತ್ತು ಪುಟಗಳ ಅಡಿಯಲ್ಲಿ ಹಾಕಿದ ದೂರವಾಣಿ ಸಂಖ್ಯೆ ಬದಲಾದರೆ ಐವತ್ತು ಕಡತಗಳನ್ನೂ ತೆರೆಯಬೇಕು. ಬಹುತೇಕ ಸಿಎಂಎಸ್‌ಗಳಲ್ಲಿ ಅಂಥ ಕಡತಗಳೇ ಇಲ್ಲ. ಬರಹವೆಲ್ಲ ಡೇಟಾಬೇಸ್‌ನಲ್ಲಿ, ಕೋಷ್ಟಕದ ಸಾಲುಗಳಾಗಿ ಕೂತಿರುತ್ತದೆ. ಯಾರಾದರೂ ಕೊಂಡಿ ಒತ್ತಿದಾಗ ಸರ್ವರ್‌ನಲ್ಲಿರುವ ತಂತ್ರಾಂಶ ಆ ಸಾಲನ್ನು ಹುಡುಕಿ ತೆಗೆದು, ಥೀಮ್ ಎಂಬ ಅಚ್ಚಿಗೆ ಸುರಿದು, ಪುಟವನ್ನು ಆ ಕ್ಷಣದಲ್ಲಿ ಕಟ್ಟಿ ಕಳಿಸುತ್ತದೆ. ಹೋಸ್ಟಿಂಗ್‌ನ (ತಾಣವನ್ನು ಇಡಲು ಪಡೆದ ಸರ್ವರ್ ಜಾಗದ) ಫೈಲ್ ಮ್ಯಾನೇಜರ್ ತೆರೆದು 'ನಮ್ಮ ಬಗ್ಗೆ' ಪುಟದ ಕಡತ ಎಲ್ಲಿದೆ ಎಂದು ಹುಡುಕುವವರಿಗೆ ಅದು ಸಿಗದಿರುವುದು ಇದಕ್ಕೇ. ಚಿತ್ರಗಳು ಮಾತ್ರ ಕಡತಗಳಾಗಿಯೇ ಉಳಿಯುತ್ತವೆ. ಈ ಒಂದು ಮಾತು ತಲೆಗೆ ಹೋದರೆ ಮುಂದಿನ ಬಹುಪಾಲು ಗೊಂದಲ ತಾನಾಗಿ ಕರಗುತ್ತದೆ.

ಡ್ರೂಪಲ್ 2001ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ, ಜೂಮ್ಲಾ 2005ರಲ್ಲಿ ಹೊರಬಂದವು. ಮೂರೂ ಮುಕ್ತ ತಂತ್ರಾಂಶಗಳು, ಮೂರೂ ಪಿಎಚ್‌ಪಿ ಭಾಷೆಯಲ್ಲಿ ಬರೆದವು. ಹೊಸಬರು ಮೊದಲು ಎದುರಾಗುವುದು ಹೆಚ್ಚಾಗಿ ವರ್ಡ್‌ಪ್ರೆಸ್‌ಗೆ, ಆದ್ದರಿಂದ ಇಲ್ಲಿನ ಉದಾಹರಣೆಗಳೂ ಅದರವೇ. ಆ ಹೆಸರಿನಲ್ಲಿ ಎರಡು ತಾಣಗಳಿವೆ ಎಂಬುದನ್ನು ಗಮನಿಸಿ: ಡಾಟ್ ಆರ್ಗ್‌ನಲ್ಲಿ ಸಿಗುವುದು ನಿಮ್ಮದೇ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳುವ ತಂತ್ರಾಂಶ, ಡಾಟ್ ಕಾಮ್‌ನಲ್ಲಿರುವುದು ಅದನ್ನೇ ನಡೆಸಿಕೊಡುವ ಸೇವೆ.

ಲಾಗಿನ್ ಆದೊಡನೆ ಡ್ಯಾಶ್‌ಬೋರ್ಡ್‌ನಲ್ಲಿ 'ಪೋಸ್ಟ್' ಮತ್ತು 'ಪೇಜ್' ಎಂಬ ಎರಡು ಬಾಗಿಲು ಕಾಣುತ್ತವೆ. ದಿನಾಂಕದ ಜೊತೆ ಹಳತಾಗುವ ಬರಹ ಪೋಸ್ಟ್. ಸಂಪರ್ಕ, ಪರಿಚಯದಂಥ ಸ್ಥಿರ ಮಾಹಿತಿ ಪೇಜ್. ಪೋಸ್ಟುಗಳಿಗೆ ವಿಭಾಗ, ಟ್ಯಾಗ್ ಇರುತ್ತವೆ. ಪೇಜುಗಳಿಗೆ ಅವಿಲ್ಲ, ಬದಲಿಗೆ ಒಂದರ ಕೆಳಗೆ ಇನ್ನೊಂದನ್ನು ಮರಿಪುಟವಾಗಿ ಜೋಡಿಸಬಹುದು.

ಹೊಸಬರು ಎಡವುವುದು ಬಹುತೇಕ ಒಂದೇ ಕಡೆ, ಉಡುಪನ್ನು ಸರಕಿನೊಳಗೇ ಹೊಲಿದುಬಿಡುವಲ್ಲಿ. ಉಪಶೀರ್ಷಿಕೆ ಬೇಕಾದಾಗ ಸಾಲನ್ನು ದಪ್ಪ ಮಾಡಿ, ಗಾತ್ರ ಹಿಗ್ಗಿಸಿ, ಕಡುನೀಲಿ ಬಣ್ಣ ಬಳಿಯುತ್ತಾರೆ. ಕಣ್ಣಿಗೆ ಅದು ಶೀರ್ಷಿಕೆ. ಸಿಎಂಎಸ್‌ಗೂ ಹುಡುಕುತಾಣಕ್ಕೂ ಪರದೆ ಓದುವ ತಂತ್ರಾಂಶಕ್ಕೂ ಅದು ದಪ್ಪಗಿರುವ ಮಾಮೂಲಿ ಸಾಲು. ನಾಳೆ ಕಪ್ಪು ಹಿನ್ನೆಲೆಯ ಥೀಮ್ ಹಾಕಿದರೆ ಕೈಯಿಂದ ಕಡುನೀಲಿ ಮಾಡಿದ ಸಾಲುಗಳು ಕತ್ತಲಲ್ಲಿ ಮುಳುಗುತ್ತವೆ. 'ಹೆಡಿಂಗ್' ಆಯ್ಕೆಯಲ್ಲಿ ಎರಡನೆಯ ಹಂತವನ್ನು ಬಳಸಿ; ಮೊದಲನೆಯ ಹಂತ ಸಾಮಾನ್ಯವಾಗಿ ಪುಟದ ಮುಖ್ಯ ಶೀರ್ಷಿಕೆಗೇ ಹೋಗಿರುತ್ತದೆ. ವರ್ಡ್ ಕಡತದಿಂದ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಹಳೆಯ ಅಲಂಕಾರ ಜೊತೆಗೆ ಬರುವುದಿಲ್ಲ. 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಿಸಿದ ಬರಹವಾದರೆ ಇದೂ ಸಾಲದು: ಅಂಟಿಸಿದ ಕೂಡಲೇ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲು ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೇಚು ಸ್ಲಗ್‌ನದು. ವಿಳಾಸದ ಕೊನೆಯ ತುಂಡಿಗೆ ಸ್ಲಗ್ ಎನ್ನುತ್ತಾರೆ, ಶೀರ್ಷಿಕೆ ನೋಡಿ ಸಿಎಂಎಸ್ ಅದನ್ನು ತಾನೇ ರಚಿಸುತ್ತದೆ. ಕನ್ನಡದ ಒಂದೊಂದು ಸಂಕೇತವೂ (ಕಾಗುಣಿತದ ಗುರುತು, ಒತ್ತು ಪ್ರತ್ಯೇಕ ಲೆಕ್ಕ) ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಎಂಬ ವಿಧಾನದಲ್ಲಿ 3 ಬೈಟ್ ಹಿಡಿಯುತ್ತದೆ, ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆಯ ಜೊತೆ 3 ಅಕ್ಷರವಾಗುತ್ತದೆ. ಅಂದರೆ ಸಂಕೇತವೊಂದಕ್ಕೆ 9. ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಟ್ಟಿರುವ ಜಾಗ 200. 'ಮಳೆನೀರು ಸಂಗ್ರಹಿಸುವ ವಿಧಾನ' ಎಂಬ ಮೂರೇ ಪದ, ನಡುವಿನ ಎರಡು ಅಡ್ಡಗೆರೆ ಸೇರಿ ಅದನ್ನು ಪೂರ್ತಿ ತುಂಬಿಬಿಡುತ್ತವೆ. ನಾಲ್ಕನೆಯ ಪದವಿದ್ದರೆ ಅದು ಅಲ್ಲಿಗೇ ತುಂಡಾಗುತ್ತದೆ. ಬ್ರೌಸರ್‌ನಲ್ಲಿ ಕನ್ನಡವಾಗಿ ಕಂಡ ವಿಳಾಸವನ್ನು ನಕಲಿಸಿ ಯಾರಿಗಾದರೂ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆ ಸರಪಳಿಯಾಗಿ ಹೋಗುವುದೂ ಇದರಿಂದಲೇ. ಪ್ರಕಟಿಸುವ ಮುನ್ನ ಸ್ಲಗ್ ಜಾಗದಲ್ಲಿ ರೋಮನ್ ಲಿಪಿಯ ಎರಡು ಮೂರು ಪದಗಳನ್ನು ಅಡ್ಡಗೆರೆ ಹಾಕಿ ಬರೆದುಬಿಡುವುದು ಲೇಸು. ಪ್ರಕಟವಾದ ಮೇಲೆ ಬದಲಿಸಿದರೆ, ಹಳೆಯ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಇಲ್ಲದಿದ್ದಲ್ಲಿ, ಈಗಾಗಲೇ ಹಂಚಿದ ಕೊಂಡಿಗಳು ಸಾಯುತ್ತವೆ.

ಫೋನಿನಿಂದ ತೆಗೆದ ಚಿತ್ರ ಸುಲಭವಾಗಿ 4000 ಪಿಕ್ಸೆಲ್ ಅಗಲ, 4-5 ಎಂಬಿ ಇರುತ್ತದೆ. ಏರಿಸುವ ಮೊದಲೇ 1600 ಪಿಕ್ಸೆಲ್‌ಗೆ ಇಳಿಸಿ, 300 ಕೆಬಿಯ ಒಳಗೆ ತನ್ನಿ. ಸಿಎಂಎಸ್ ಪ್ರತಿ ಚಿತ್ರದ ಹಲವು ಅಳತೆಯ ಪ್ರತಿಗಳನ್ನು ಮಾಡಿಡುವುದರಿಂದ ಹೋಸ್ಟಿಂಗ್‌ನ ಜಾಗ ನೀವು ಎಣಿಸಿದ್ದಕ್ಕಿಂತ ಬೇಗ ತುಂಬುತ್ತದೆ.

ಬರೆಯುವವರು ನಾಲ್ವರಿದ್ದರೆ ನಾಲ್ವರಿಗೂ ಅಡ್ಮಿನ್ ಕೀಲಿ ಕೊಡಬೇಡಿ. 'ಕಾಂಟ್ರಿಬ್ಯೂಟರ್' ಬರೆದಿಡಬಹುದು, ಪ್ರಕಟಿಸುವಂತಿಲ್ಲ. 'ಆಥರ್' ತನ್ನದನ್ನು ಪ್ರಕಟಿಸಬಹುದು. 'ಎಡಿಟರ್' ಎಲ್ಲರದನ್ನೂ ತಿದ್ದಬಹುದು. ಪ್ಲಗಿನ್, ಥೀಮ್ ಮುಟ್ಟುವ ಅಧಿಕಾರ ಅಡ್ಮಿನ್‌ಗೆ ಮಾತ್ರ.

ಪ್ಲಗಿನ್ ಎಂದರೆ ಹೆಚ್ಚುವರಿ ಕೆಲಸಕ್ಕೆ ಸಿಕ್ಕಿಸುವ ತುಣುಕು ತಂತ್ರಾಂಶ. ಅಪ್‌ಡೇಟ್ ಮಾಡದೆ ಬಿಟ್ಟರೆ ಕನ್ನ ಹಾಕುವವರಿಗೆ ಕಿಂಡಿ, ಕಣ್ಣುಮುಚ್ಚಿ ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಒಮ್ಮೊಮ್ಮೆ ಖಾಲಿ ಬಿಳಿ ಪುಟ. ಆಗ ಡ್ಯಾಶ್‌ಬೋರ್ಡ್ ಕೂಡ ತೆರೆಯದೆ ಹೋಗಬಹುದು. ಫೈಲ್ ಮ್ಯಾನೇಜರ್‌ನಲ್ಲಿ ಪ್ಲಗಿನ್ಸ್ ಫೋಲ್ಡರ್ ಒಳಗೆ ಹೋಗಿ, ಕೊನೆಗೆ ಅಪ್‌ಡೇಟ್ ಆದ ಪ್ಲಗಿನ್ನಿನ ಫೋಲ್ಡರ್ ಹೆಸರು ಬದಲಿಸಿ. ವರ್ಡ್‌ಪ್ರೆಸ್‌ಗೆ ಅದು ಕಾಣದಾಗಿ, ತೊಂದರೆ ಅದರದೇ ಆಗಿದ್ದರೆ ತಾಣ ಏಳುತ್ತದೆ. ಒಂದೊಂದಾಗಿ ಅಪ್‌ಡೇಟ್ ಮಾಡುತ್ತ ನಡುವೆ ತಾಣ ತೆರೆದು ನೋಡುವುದು ಬೇಸರದ ಕೆಲಸವೇ, ಆದರೆ ಯಾವುದು ಕೆಡಿಸಿತು ಎಂದು ತಕ್ಷಣ ಗೊತ್ತಾಗುತ್ತದೆ.

ಬ್ಯಾಕಪ್‌ಗೆ ಎರಡು ಅರ್ಧಗಳಿವೆ: ಡೇಟಾಬೇಸ್ ಮತ್ತು ಕಡತಗಳು. ಕಡತಗಳನ್ನಷ್ಟೇ ನಕಲಿಸಿಟ್ಟವರ ಬಳಿ ಚಿತ್ರ, ಥೀಮ್ ಇರುತ್ತವೆ, ಒಂದು ಸಾಲು ಬರಹವೂ ಇರುವುದಿಲ್ಲ. 'ಎಕ್ಸ್‌ಪೋರ್ಟ್' ಒತ್ತಿ ಎಕ್ಸ್‌ಎಂಎಲ್ ಇಳಿಸಿಕೊಂಡವರದು ತದ್ವಿರುದ್ಧ. ಬರಹ ಇರುತ್ತದೆ, ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ಎರಡನ್ನೂ ತೆಗೆದು, ಅದೇ ಸರ್ವರ್‌ನಲ್ಲಿ ಬಿಡದೆ ಬೇರೆಡೆ ಇಡಿ.

ತಿದ್ದಿದ ಮೇಲೂ ಹಳೆಯ ಪುಟವೇ ಕಾಣುತ್ತಿದೆಯೇ? ಪ್ರತಿ ಸಲ ಪುಟ ಕಟ್ಟುವ ಶ್ರಮ ತಪ್ಪಿಸಲು, ಕಟ್ಟಿದ ಪುಟದ ಪ್ರತಿಯನ್ನು ಕ್ಯಾಶೆಯಲ್ಲಿ ಇಟ್ಟುಕೊಂಡಿರುತ್ತಾರೆ. ಮೊದಲು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ನೋಡಿ. ಅಲ್ಲೂ ಹಳತೇ ಇದ್ದರೆ ಕ್ಯಾಶೆ ಪ್ಲಗಿನ್, ಆಮೇಲೆ ಹೋಸ್ಟಿಂಗ್‌ನ ಕ್ಯಾಶೆ, ಈ ಕ್ರಮದಲ್ಲಿ ಖಾಲಿ ಮಾಡುತ್ತ ಬನ್ನಿ. ತಿಂಗಳುಗಟ್ಟಲೆ ಬರೆದರೂ ತಾಣ ಗೂಗಲ್‌ನಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್, ರೀಡಿಂಗ್‌ಗೆ ಹೋಗಿ. ಕಟ್ಟುವ ಹೊತ್ತಿನಲ್ಲಿ ಹುಡುಕುತಾಣಗಳನ್ನು ದೂರವಿಡಲು ಹಾಕಿದ ಟಿಕ್ ಗುರುತು ಇನ್ನೂ ಅಲ್ಲೇ ಇರಬಹುದು.