ನನ್ನ ಸಿಬಿಲ್ ನಾನೇ ನೋಡಿದರೆ ಸ್ಕೋರ್ ಇಳಿಯುತ್ತಾ?

ಪ್ರಶ್ನೆ: ಮನೆ ಸಾಲಕ್ಕೆ ಅರ್ಜಿ ಹಾಕಬೇಕು ಅಂದುಕೊಂಡಿದ್ದೇನೆ. ಅದಕ್ಕೂ ಮೊದಲು ನನ್ನ ಸಿಬಿಲ್ ರಿಪೋರ್ಟ್ (ನನ್ನ ಸಾಲ, ಕಂತುಗಳ ದಾಖಲೆ ಮತ್ತು ಅದಕ್ಕೆ ಕೊಡುವ ಅಂಕ, ಅಂದರೆ ಸ್ಕೋರ್) ನೋಡೋಣ ಅಂದರೆ, ಸುಮ್ನೆ ನೋಡಿದರೂ ಸ್ಕೋರ್ ಇಳಿಯುತ್ತೆ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ಖಂಡಿತ ಇಲ್ಲ. ನಿಮ್ಮ ರಿಪೋರ್ಟನ್ನು ನೀವೇ ಎಷ್ಟು ಸಲ ನೋಡಿದರೂ ಸ್ಕೋರ್‌ಗೆ ಏನೂ ಆಗುವುದಿಲ್ಲ. ನೀವು ಸಾಲ ಕೇಳಿದಾಗ ಬ್ಯಾಂಕ್‌ನವರು ತೆಗೆದು ನೋಡುತ್ತಾರಲ್ಲ, ಅದು ಎನ್‌ಕ್ವೈರಿ ಅಂತ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದರೆ ಸ್ಕೋರ್ ಇಳಿಯಬಹುದು. ಸ್ನೇಹಿತರು ಇವೆರಡನ್ನೂ ಒಂದೇ ಅಂದುಕೊಂಡಿರಬೇಕು.

ಹಾಗಾಗಿ ಧೈರ್ಯವಾಗಿ ನೋಡಿ. ದುಡ್ಡೂ ಬೇಕಿಲ್ಲ. ನಮ್ಮ ದೇಶದಲ್ಲಿ ಜನರ ಸಾಲದ ದಾಖಲೆ ಇಟ್ಟು ಇಂಥ ರಿಪೋರ್ಟ್ ಕೊಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪ್ರತಿ ಕಂಪನಿಯೂ ಉಚಿತವಾಗಿ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.

ರಿಪೋರ್ಟ್ ಕೈಗೆ ಬಂದ ಮೇಲೆ ಹೆಚ್ಚಿನವರು 300ರಿಂದ 900ರೊಳಗಿನ ಆ ಸಂಖ್ಯೆ ನೋಡಿ ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಕೋರ್ ಯಾಕೆ ಹಾಗಿದೆ ಅನ್ನುವುದು ಒಳಗಿನ ಪುಟಗಳಲ್ಲಿರುತ್ತದೆ.

ಮೊದಲು ಹೆಸರು, ಪ್ಯಾನ್, ಹುಟ್ಟಿದ ದಿನ ಸರಿ ಇದೆಯಾ ನೋಡಿ. ಆಮೇಲೆ ಒಂದೊಂದೇ ಸಾಲದ ಖಾತೆಗೆ ಬನ್ನಿ. ತಿಂಗಳುಗಳ ಕೆಳಗೆ ಪುಟ್ಟ ಅಂಕಿಗಳಿರುತ್ತವೆ. 000 ಇದ್ದರೆ ಆ ತಿಂಗಳ ಕಂತು ಬಾಕಿಯಿಲ್ಲ. 030 ಇದ್ದರೆ ಮೂವತ್ತು ದಿನ ತಡವಾಗಿದೆ. ಬಾಮೈದನ ಟ್ರಾಕ್ಟರ್ ಸಾಲಕ್ಕೆ ಜಾಮೀನು ಹಾಕಿ ಮರೆತಿದ್ದೀರಾ? ಆ ಸಾಲವೂ ನಿಮ್ಮ ರಿಪೋರ್ಟ್‌ನಲ್ಲಿ ಕಾಣಿಸಬಹುದು. ಅವರು ಕಂತು ತಪ್ಪಿಸಿದರೆ ನಿಮಗೂ ಪೆಟ್ಟು.

ಜಾಸ್ತಿ ಜನ ಎಡವುವುದು ‘ಸೆಟಲ್ಡ್’ ಅನ್ನುವ ಕಡೆ. ಕ್ರೆಡಿಟ್ ಕಾರ್ಡ್‌ನಲ್ಲಿ 80,000 ಬಾಕಿ ಇದೆ ಅಂದುಕೊಳ್ಳಿ. ವಸೂಲಿಯವರು ಫೋನ್ ಮಾಡಿ, ‘ಸರ್, 50,000 ಕಟ್ಟಿಬಿಡಿ, ಇಲ್ಲಿಗೇ ಮುಗಿಸೋಣ’ ಅನ್ನುತ್ತಾರೆ. ನೀವು ಕಟ್ಟಿ ನಿಟ್ಟುಸಿರು ಬಿಡುತ್ತೀರಿ. ರಿಪೋರ್ಟ್‌ನಲ್ಲಿ ಮಾತ್ರ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬೀಳುತ್ತದೆ. ಪೂರ್ತಿ ಕಟ್ಟಲಿಲ್ಲ ಅಂತ ಅದರ ಅರ್ಥ. ಮುಂದಿನ ಬ್ಯಾಂಕ್ ಅದನ್ನು ನೋಡಿಯೇ ಹಿಂದೆ ಸರಿಯಬಹುದು. ಇದು ರಿಪೋರ್ಟಿನ ತಪ್ಪಲ್ಲ, ಆದ್ದರಿಂದ ದೂರು ಕೊಟ್ಟರೆ ಹೋಗುವುದಿಲ್ಲ. ಉಳಿದ ಹಣ ಕಟ್ಟಿ, ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಪತ್ರ ಪಡೆದು, ‘ಕ್ಲೋಸ್ಡ್’ ಅಂತ ಬದಲಿಸಲು ಬ್ಯಾಂಕಿಗೇ ಬರೆದು ಕೇಳಬೇಕು.

ನಿಜವಾದ ತಪ್ಪು ಸಿಕ್ಕರೆ, ಉದಾಹರಣೆಗೆ ತೀರಿಸಿದ ಸಾಲ ಇನ್ನೂ ಬಾಕಿ ಅಂತಿದ್ದರೆ ಅಥವಾ ನೀವು ತೆಗೆದೇ ಇಲ್ಲದ ಸಾಲ ಇದ್ದರೆ, ರಿಪೋರ್ಟ್ ಕೊಟ್ಟ ಕಂಪನಿಯ ಸೈಟ್‌ನಲ್ಲೇ ಉಚಿತವಾಗಿ ದೂರು ಕೊಡಿ. ಬ್ಯಾಂಕಿಗೂ ಬರೆಯಿರಿ, ಯಾಕಂದ್ರೆ ಬ್ಯಾಂಕ್ ಒಪ್ಪದೆ ಕಂಪನಿ ತಾನಾಗಿ ಏನನ್ನೂ ಬದಲಿಸುವುದಿಲ್ಲ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಿಗಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೂ ಶುಲ್ಕವಿಲ್ಲ. ‘ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ’ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಓಟಿಪಿಯನ್ನಂತೂ ಹೇಳಲೇಬೇಡಿ.

ನಿಮ್ಮ ವಿಷಯಕ್ಕೆ ಬಂದರೆ, ಅರ್ಜಿ ಹಾಕುವ ಎರಡು ಮೂರು ತಿಂಗಳು ಮೊದಲೇ ರಿಪೋರ್ಟ್ ತೆಗೆಯಿರಿ. ತಪ್ಪಿದ್ದರೆ ಸರಿಪಡಿಸಲು ಒಂದು ತಿಂಗಳಾದರೂ ಬೇಕಲ್ವಾ?