65,000ದ ಗೆರೆ: ಎಚ್-1ಬಿ ಲಾಟರಿ ಎಲ್ಲಿಂದ ಬಂತು?

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಎಂಜಿನಿಯರಿಂಗ್ ಓದುವವರಿಗೆ ಎಚ್-1ಬಿ, ಅಂದರೆ ಅಮೆರಿಕದಲ್ಲಿ ನೌಕರಿ ಮಾಡೋಕೆ ಬೇಕಾದ ವೀಸಾದ ಲಾಟರಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಪ್ರತಿ ಮಾರ್ಚ್‌ನಲ್ಲೂ ಯಾರದ್ದೋ ಅಣ್ಣ, ಯಾರದ್ದೋ ಸೀನಿಯರ್ ಅದಕ್ಕೆ ಕಾಯುತ್ತಿರುತ್ತಾರೆ. ಆದರೆ ಓದಿದವರ ನೌಕರಿಗೆ ಲಾಟರಿ ಯಾಕೆ ಬಂತು?

ಅಮೆರಿಕದ 1952ರ ವಲಸೆ ಕಾಯ್ದೆಯಲ್ಲಿ ಎಚ್-1 ಅನ್ನೋ ವೀಸಾ ಇತ್ತು, ಅದಕ್ಕೆ ಮಿತಿ ಇರಲಿಲ್ಲ. 1990ರಲ್ಲಿ ಅದನ್ನು ಒಡೆದು ಎಚ್-1ಬಿ ಮಾಡಿ, ವರ್ಷಕ್ಕೆ 65,000 ಅಂತ ಗೆರೆ ಎಳೆದರು. ವೀಸಾದ ಅವಧಿ ಮೂರು ವರ್ಷ, ಹೆಚ್ಚೆಂದರೆ ಆರು. ಮೊದಲ ಕೆಲವು ವರ್ಷ ಕೋಟಾ ತುಂಬಲೇ ಇಲ್ಲ. ಆಮೇಲೆ ಇಂಟರ್ನೆಟ್ ಬಂತು, 2000ನೇ ಇಸವಿ ಬಂದಾಗ ಕಂಪ್ಯೂಟರ್‌ಗಳು ಲೆಕ್ಕ ತಪ್ಪುತ್ತವೆ ಅನ್ನೋ ವೈ2ಕೆ ಭಯ ಬಂತು, ಹಳೇ ಪ್ರೋಗ್ರಾಂಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದನ್ನು ತಿದ್ದೋಕೆ ಅಲ್ಲಿನ ಕಂಪನಿಗಳಿಗೆ ಜನ ಬೇಕಾದರು, ನಮ್ಮ ಕಂಪನಿಗಳು ಹುಡುಗರನ್ನು ಆನ್‌ಸೈಟ್, ಅಂದರೆ ಅಲ್ಲಿನ ಆಫೀಸಿಗೇ ಕಳಿಸಿದವು. ಕೋಟಾವನ್ನು 1998ರ ಕಾಯ್ದೆ 1,15,000ಕ್ಕೆ, 2000ದ ಕಾಯ್ದೆ 1,95,000ಕ್ಕೆ ಏರಿಸಿತು. ಎರಡೂ ಕೆಲವೇ ವರ್ಷದ ಮಾತು. 2004ನೇ ಹಣಕಾಸು ವರ್ಷಕ್ಕೆ ಮತ್ತೆ 65,000. ಅಲ್ಲೇ ಎಂಎಸ್ ಮಾಡಿದವರಿಗೆ ಇನ್ನೊಂದು 20,000 ಸೇರಿತು, ಅಷ್ಟೇ. 2007ರ ಏಪ್ರಿಲ್‌ನಲ್ಲಿ ಮೊದಲ ದಿನವೇ ಕೋಟಾ ಮೀರಿ ಅರ್ಜಿ ಬಿದ್ದವು, ಚೀಟಿ ಎತ್ತಬೇಕಾಯಿತು. ಕೋಟಾ ಇವತ್ತಿಗೂ ಅಷ್ಟೇ ಇದೆ.

ನನ್ನ ಪ್ರಕಾರ ನಿಜವಾದ ಗಂಟು ಬೇರೆ ಕಡೆ ಇದೆ. ಅದೇ 1990ರ ಕಾಯ್ದೆ ನೌಕರಿ ಮೇಲೆ ಕೊಡೋ ಗ್ರೀನ್ ಕಾರ್ಡ್‌ಗಳನ್ನು (ಅಲ್ಲೇ ಕಾಯಂ ನೆಲೆಸೋ ಅನುಮತಿ) ವರ್ಷಕ್ಕೆ 1,40,000ಕ್ಕೆ ನಿಲ್ಲಿಸಿತು, ಒಂದು ದೇಶಕ್ಕೆ ಸುಮಾರು ಶೇ 7ರ ಮಿತಿ ಹಾಕಿತು. ಭಾರತದಷ್ಟು ದೊಡ್ಡ ದೇಶಕ್ಕೂ ಅಷ್ಟೇ, ಪುಟ್ಟ ದೇಶಕ್ಕೂ ಅಷ್ಟೇ! ಪಾಳಿ ಉದ್ದವಾಯಿತು. ಗ್ರೀನ್ ಕಾರ್ಡ್ ಅರ್ಜಿ ನಡೀತಿದ್ದರೆ ಆರು ವರ್ಷದ ಮೇಲೂ ವೀಸಾ ಮುಂದುವರಿಸಬಹುದು ಅಂತ 2000ದ ಕಾಯ್ದೆ ಒಂದು ದಾರಿ ಬಿಟ್ಟಿತು. ಹಾಗಾಗಿ ಜನ ತಾತ್ಕಾಲಿಕ ವೀಸಾದಲ್ಲೇ ಮನೆ ಕೊಂಡರು, ಮಕ್ಕಳನ್ನು ಬೆಳೆಸಿದರು. ಕೆಲಸ ಹೋದರೆ ಮಾತ್ರ ಹೊಸ ಕಂಪನಿ ಹುಡುಕಲು ಸಿಗೋದು ಹೆಚ್ಚೆಂದರೆ 60 ದಿನ. ಆ 60 ದಿನ ಕೂಡ 2017ರಲ್ಲಿ ಸಿಕ್ಕಿದ್ದು.

2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕದ ಆದೇಶ ಬಂತು. ಪೆಟ್ಟು ಬಿದ್ದದ್ದು ಮುಖ್ಯವಾಗಿ ಅಮೆರಿಕದ ಹೊರಗಿಂದ ಕರೆಸಿಕೊಳ್ಳುವವರಿಗೆ, ಅಂದರೆ ಹಳೇ ಆನ್‌ಸೈಟ್ ದಾರಿಗೇ. ಅಲ್ಲೇ ಓದಿ ಸ್ಟೂಡೆಂಟ್ ವೀಸಾದಿಂದ ಬದಲಾಗುವವರಿಗೆ ಅದು ಇಲ್ಲ ಅಂತ ಆಮೇಲೆ ಸ್ಪಷ್ಟಪಡಿಸಿದರು. ಹಾಗಂತ ಹೊಲ ಅಡವಿಟ್ಟು ಎಂಎಸ್‌ಗೆ ಹೊರಡೋದು ಸುಲಭದ ಮಾತಾ? ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು, ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು. ಸಾಲದ ಲೆಕ್ಕವನ್ನು ಈ ಮೂರು ವರ್ಷದ ಮೇಲೇ ಹಾಕಬೇಕು, ಲಾಟರಿ ಮೇಲೆ ಅಲ್ಲ. ಮನೆಯಲ್ಲಿ ಅಪ್ಪಾಜಿಗೂ ಇದನ್ನೇ ಬಿಡಿಸಿ ಹೇಳಿ. ಆಫರ್ ಕೈಗೆ ಬಂದಾಗ ಸಂಬಳದ ಜೊತೆ ಇನ್ನೊಂದು ಕೇಳಿ: ಗ್ರೀನ್ ಕಾರ್ಡ್ ಅರ್ಜಿಯನ್ನು ಕಂಪನಿ ಯಾವ ವರ್ಷ ಹಾಕುತ್ತದೆ? ಪಾಳಿಯಲ್ಲಿ ನಿಮ್ಮ ಜಾಗ ಲೆಕ್ಕಕ್ಕೆ ಬರೋದು ಆ ಅರ್ಜಿಯ ತಾರೀಖಿನಿಂದ, ನೀವು ಅಮೆರಿಕಕ್ಕೆ ಹೋದ ದಿನದಿಂದ ಅಲ್ಲ.